ಕಾಣದ ಫೈಲ್, ಸಿಗದ ಬ್ಯಾಕಪ್

ಪುಣೆಯ ಹಿಂಜವಡಿಗೆ ಕೆಲಸಕ್ಕೆ ಬಂದ ಹೊಸದರಲ್ಲಿ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿದೆ. ಅದಕ್ಕೂ ಮುಂಚೆ ಅದರಲ್ಲೇ ಇದ್ದ ಬ್ಯಾಕಪ್ ಟೂಲ್ ಓಡಿಸಿದ್ದೆ. ‘ಸಕ್ಸಸ್‌ಫುಲ್’ ಅಂತ ತೋರಿಸಿತ್ತು. ಆಮೇಲೆ ನೋಡಿದರೆ ಫೋಟೋ, ಹಾಡು ಎಲ್ಲ ಇದ್ವು. ಧಾರವಾಡದಿಂದ ಅಪ್ಪ ಬರೀತಿದ್ದ ಮೇಲ್‌ಗಳು ಮಾತ್ರ ಇರಲಿಲ್ಲ. ಮೇಲ್ ಪ್ರೋಗ್ರಾಂ ಅವನ್ನು ಹಿಡನ್ ಫೋಲ್ಡರಿನಲ್ಲಿ ಇಟ್ಟಿತ್ತು. ಟೂಲ್ ಅತ್ತ ಹೋಗಿರಲೇ ಇಲ್ಲ. ಅಪ್ಪ ಆಗಲೇ ತೀರಿಕೊಂಡಿದ್ದರು.

ಈ ಹಿಡನ್ ಫೈಲ್ ಎಲ್ಲಿಂದ ಬಂತು? ಯೂನಿಕ್ಸ್ ಕಡೆಯ ಕಥೆಯನ್ನು ಬೆಲ್ ಲ್ಯಾಬ್ಸ್‌ನಲ್ಲಿದ್ದ ರಾಬ್ ಪೈಕ್ 2012ರಲ್ಲಿ ಬರೆದರು. ಪ್ರತಿ ಡೈರೆಕ್ಟರಿಯಲ್ಲೂ ಒಂದು ಚುಕ್ಕಿ ಅಂದರೆ ಅದೇ ಡೈರೆಕ್ಟರಿ, ಎರಡು ಚುಕ್ಕಿ ಅಂದರೆ ಅದರ ಮೇಲಿನದು. ಪಟ್ಟಿಯಲ್ಲಿ ಇವೆರಡು ಕಾಣೋದು ಬೇಡ ಅಂತ ‘ಎಲ್‌ಎಸ್’ ಕಮಾಂಡ್ ತಿದ್ದಿದರು. ಆದರೆ ಪೂರ್ತಿ ಹೆಸರು ನೋಡದೆ, ಮೊದಲ ಅಕ್ಷರ ಚುಕ್ಕಿಯೇ ಅಂತಷ್ಟೇ ನೋಡಿದರು. ಚುಕ್ಕಿಯಿಂದ ಶುರುವಾಗೋ ಎಲ್ಲ ಫೈಲೂ ಮರೆಯಾದವು! ಡಾಸ್‌ನಲ್ಲಿ ಹಾಗಲ್ಲ, ಸಿಸ್ಟಂ ಫೈಲ್‌ಗಳಿಗೆ ಬೇಕಂತಲೇ ಹಿಡನ್ ಗುರುತು ಹಾಕಿದರು.

ಬ್ಯಾಕಪ್ ಟೂಲ್‌ಗಳೂ ಒಂದೇ ತರಹ ಉಳಿಯಲಿಲ್ಲ. 1993ರ ಎಂಎಸ್-ಡಾಸ್ 6ರಲ್ಲಿ ಒಂದು, ವಿಂಡೋಸ್ ಎನ್‌ಟಿಯಲ್ಲಿ ಇನ್ನೊಂದು. ವಿಸ್ತಾ ಬಂದಾಗ ಎನ್‌ಟಿ ಟೂಲನ್ನು ತೆಗೆದರು. ಅದರ ಹಳೆಯ ಬ್ಯಾಕಪ್ ತೆರೆಯೋಕೆ ಬೇರೆ ಟೂಲ್ ಇಳಿಸಿಕೊಳ್ಳಬೇಕಾಯಿತು. 2012ರಲ್ಲಿ ವಿಂಡೋಸ್ 8ರ ಜೊತೆ ಬಂದ ಫೈಲ್ ಹಿಸ್ಟರಿ ಲೈಬ್ರರಿ, ಡೆಸ್ಕ್‌ಟಾಪ್‌ನಂಥ ಕೆಲವು ಜಾಗಗಳನ್ನಷ್ಟೇ ನೋಡುತ್ತಿತ್ತು.

ಅಂದರೆ ನಮ್ಮದು ಯಾವುದು ಅಂತ ತೀರ್ಮಾನಿಸೋದು ಟೂಲ್. ಅಪ್ಪನ ಮೇಲ್ ಅದರ ಲೆಕ್ಕದಲ್ಲಿ ಪ್ರೋಗ್ರಾಮಿನ ಸಾಮಾನು. ಇವತ್ತು ರಾತ್ರಿ ನಿಮಗೆ ಬೇಕೇಬೇಕಾದ ಒಂದು ಫೈಲನ್ನು ಬ್ಯಾಕಪ್‌ನಿಂದ ವಾಪಸ್ ತೆಗೆದು ನೋಡಿ. ತೆರೆದರೆ ಮಾತ್ರ ಅದು ಬ್ಯಾಕಪ್.