ಫೈಬರ್ ಹರಿಗೋಲು ಮುಳುಗುವುದೇ ಇಲ್ಲವೇ? ಹಗುರ ದೋಣಿಯ ತಳದ ಬಗ್ಗೆ ಐದು ನಂಬಿಕೆ, ಐದು ನಿಜ

ಸರ್ವಜ್ಞನ ಊರೆಂದು ಹೆಸರಾದ ಹಾವೇರಿ ಜಿಲ್ಲೆಯ ಅಬಲೂರಿನ ಸುತ್ತಮುತ್ತ ಸಮುದ್ರವಿಲ್ಲ. ಇಲ್ಲಿ ಮೀನು ಸಿಗುವುದು ಕೆರೆ ಮತ್ತು ಹೊಳೆಗಳಲ್ಲಿ. ಮಾಸೂರಿನ ಬಳಿ ಮದಗದ ಕೆರೆ ಇದೆ. ಹಾನಗಲ್, ಸವಣೂರು ಕಡೆ ವರದಾ, ಅದರಾಚೆ ತುಂಗಭದ್ರಾ. ಇಂಥ ನೀರಿಗೆ ದೊಡ್ಡ ದೋಣಿ ಬೇಕಿಲ್ಲ, ಒಬ್ಬರೋ ಇಬ್ಬರೋ ಹೊತ್ತೊಯ್ಯಬಲ್ಲ ಹರಿಗೋಲು ಸಾಕು. ಕೆಲವು ಊರುಗಳಲ್ಲಿ ಇದನ್ನೇ ತೆಪ್ಪ ಎನ್ನುತ್ತಾರೆ. ಈಗ ಬಿದಿರಿನ ಜೊತೆ ಫೈಬರ್ ಹರಿಗೋಲುಗಳೂ ಬಂದಿವೆ. ಹವ್ಯಾಸಕ್ಕೆ ಗಾಳ ಹಾಕುವವರು ಪ್ಲಾಸ್ಟಿಕ್ ಕಯಾಕ್ ಕೊಳ್ಳುತ್ತಿದ್ದಾರೆ.

ಇವುಗಳ ಬಾಳಿಕೆಯ ಬಗ್ಗೆ ಬಾಯಿಂದ ಬಾಯಿಗೆ, ಮೊಬೈಲಿಂದ ಮೊಬೈಲಿಗೆ ದಾಟುವ ಮಾತುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪ್ರಾಣಕ್ಕೇ ಅಪಾಯ. ಒಂದೊಂದಾಗಿ ನೋಡೋಣ.

ನಂಬಿಕೆ 1: ಫೈಬರ್ ಹರಿಗೋಲು ಮುಳುಗುವುದಿಲ್ಲ

ತಪ್ಪು. ಫೈಬರ್ ಎಂದು ನಾವು ಕರೆಯುವುದು ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ ಗಟ್ಟಿ ಮಾಡಿದ ವಸ್ತು. ಅಷ್ಟೇ ಗಾತ್ರದ ನೀರಿಗಿಂತ ಅದು ಸುಮಾರು ಒಂದೂವರೆ ಪಟ್ಟು ಭಾರ. ಹರಿಗೋಲು ತೇಲುವುದು ಅದರ ಬೋಗುಣಿಯಂಥ ಆಕಾರ ನೀರನ್ನು ಪಕ್ಕಕ್ಕೆ ತಳ್ಳುವುದರಿಂದ. ಸ್ಟೀಲ್ ಪಾತ್ರೆ ತೇಲುವುದೂ ಹೀಗೆಯೇ. ಒಳಗೆ ನೀರು ತುಂಬಿದರೆ ಎರಡೂ ತಳ ಸೇರುತ್ತವೆ. ಅಂಚಿನಲ್ಲಿ ಗಾಳಿ ಬಿಗಿದ ಕೋಣೆಯನ್ನೋ ಫೋಮನ್ನೋ ಸೇರಿಸಿದ್ದರೆ ಮಾತ್ರ ನೀರು ತುಂಬಿದ ಮೇಲೂ ತೇಲಬಲ್ಲದು. ಕೊಳ್ಳುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಬಿದಿರು ನೀರಿಗಿಂತ ಹಗುರ, ಹಾಗಾಗಿ ಬಿದಿರಿನ ಹರಿಗೋಲು ಪೂರ್ತಿ ಕೆಳಗಿಳಿಯದೇ ಇರಬಹುದು. ಆದರೆ ನೀರು ತುಂಬಿದ ಮೇಲೆ ಅದು ಜನರನ್ನು ಹೊರಲಾರದು.

ನಂಬಿಕೆ 2: ಸಣ್ಣ ತೂತು, ದಡ ಸೇರುವ ತನಕ ಏನೂ ಆಗಲ್ಲ

ಲೆಕ್ಕ ಹಾಕಿ ನೋಡಿ. ಹರಿಗೋಲಿನ ತಳ ನೀರಿನ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದೆ, ಅಲ್ಲಿ 1 ಸೆಂಟಿಮೀಟರ್ ಅಗಲದ ತೂತಾಗಿದೆ ಎಂದುಕೊಳ್ಳಿ. ನಿಮಿಷಕ್ಕೆ ಸುಮಾರು 4 ಲೀಟರ್ ನೀರು ಒಳಗೆ ಬರುತ್ತದೆ. ಹತ್ತು ನಿಮಿಷದಲ್ಲಿ 40 ಲೀಟರ್, ಅಂದರೆ 40 ಕಿಲೋ ಹೆಚ್ಚಿನ ಭಾರ.

ಭಾರಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಳಗಿನ ನೀರು ಒಂದೆಡೆ ನಿಲ್ಲುವುದಿಲ್ಲ. ನೀವು ಬಲೆ ಎಳೆಯಲು ಒಂದು ಬದಿಗೆ ವಾಲಿದರೆ ನೀರೂ ಅದೇ ಬದಿಗೆ ಓಡಿ ಬಂದು ಅಂಚನ್ನು ಇನ್ನಷ್ಟು ತಗ್ಗಿಸುತ್ತದೆ. ಎಷ್ಟೋ ಸಲ ದೋಣಿ ಮುಳುಗುವ ಮೊದಲೇ ಮಗುಚುವುದು ಇದರಿಂದಲೇ. ತಳದಲ್ಲಿ ನೀರು ಕಂಡರೆ ಬಲೆ ಬಿಟ್ಟು ದಡಕ್ಕೆ ಬನ್ನಿ. ನೀರು ಮೊಗೆಯಲು ಒಂದು ಡಬ್ಬಿ ಯಾವಾಗಲೂ ಒಳಗಿರಲಿ.

ನಂಬಿಕೆ 3: ಡಾಂಬರು ದಪ್ಪವಾಗಿ ಬಳಿದಷ್ಟೂ ಬಾಳಿಕೆ

ಹಳೆಯ ಹರಿಗೋಲಿಗೆ ಹೊದಿಕೆ ಚರ್ಮದ್ದಾಗಿತ್ತು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ, 15–20 ಜನರನ್ನು ದಾಟಿಸುವ ದೋಣಿಗಳ ಬಗ್ಗೆ ಬರೆದಿದ್ದಾನೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಚೀಲ, ಹಾಳೆ ಬಂದಿವೆ. ಅದರ ಮೇಲೆ ಡಾಂಬರು ಬಳಿಯುತ್ತಾರೆ.

ಡಾಂಬರು ನೀರನ್ನು ತಡೆಯುವುದು ನಿಜ. ಆದರೆ ಬಿಸಿಲು ಮತ್ತು ಗಾಳಿಗೆ ಅದು ದಿನೇ ದಿನೇ ಗಡುಸಾಗಿ ಬಿರುಕು ಬಿಡುತ್ತದೆ. ಬಿದಿರಿನ ಹೆಣಿಗೆ ನೀರಿನಲ್ಲಿ ಬಾಗುತ್ತಲೇ ಇರುತ್ತದೆ, ಗಡುಸಾದ ದಪ್ಪ ಪದರ ಅದರ ಜೊತೆ ಬಾಗದೆ ಸೀಳುತ್ತದೆ. ಹಳೆಯದರ ಮೇಲೆ ಹೊಸದನ್ನು ಪೇರಿಸುವುದಕ್ಕಿಂತ, ಸಡಿಲಾದ ಡಾಂಬರನ್ನು ಕೆರೆದು ತೆಗೆದು, ತಳ ಪೂರ್ತಿ ಒಣಗಿದ ಮೇಲೆ ತೆಳುವಾಗಿ ಬಳಿಯುವುದು ಮೇಲು. ಕಾಯಿಸುವಾಗ ಎಚ್ಚರ: ಬಿಸಿ ಡಾಂಬರಿಗೆ ನೀರು ಬಿದ್ದರೆ ಸಿಡಿಯುತ್ತದೆ.

ಒಳಗಿನ ಬಿದಿರಿಗೂ ಶತ್ರುಗಳಿದ್ದಾರೆ. ಅದರಲ್ಲಿರುವ ಪಿಷ್ಟ ಕೊರೆಯುವ ಹುಳುಗಳಿಗೆ ಆಹಾರ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕುವ ಹಿರಿಯರ ಪದ್ಧತಿ ಸುಮ್ಮನೆ ಬಂದದ್ದಲ್ಲ. ನೆನೆದಾಗ ಪಿಷ್ಟ, ಸಕ್ಕರೆ ಕರಗಿ ಹೋಗಿ ಹುಳುಗಳ ಕಾಟ ತಗ್ಗುತ್ತದೆ.

ನಂಬಿಕೆ 4: ಪ್ಲಾಸ್ಟಿಕ್ ಕೊಳೆಯುವುದಿಲ್ಲ, ಹಾಗಾಗಿ ಹಾಳಾಗುವುದಿಲ್ಲ

ಅರ್ಧ ನಿಜ. ಕಯಾಕ್‌ಗಳಿಗೆ ಹೆಚ್ಚಾಗಿ ಬಳಸುವ ಪಾಲಿಎಥಿಲೀನ್ ಮರದಂತೆ ಕೊಳೆಯುವುದಿಲ್ಲ. ಆದರೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಅದರ ಅಣುಗಳ ಸರಪಳಿಯನ್ನು ತುಂಡರಿಸುತ್ತವೆ. ವರ್ಷಗಟ್ಟಲೆ ಬಿಸಿಲಲ್ಲಿ ಬಿದ್ದ ಬಕೆಟ್ ಒಂದು ದಿನ ಹಿಡಿದ ಕೂಡಲೇ ಮುರಿಯುತ್ತದಲ್ಲ, ಅದೇ ಕಥೆ. ತಯಾರಿಸುವಾಗ ಬಿಸಿಲು ತಡೆಯುವ ರಾಸಾಯನಿಕ ಸೇರಿಸಿದ್ದರೆ ಇದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಬಿಸಿಲಿಗೆ ಮೆತ್ತಗಾದ ತಳ ಕಲ್ಲಿನ ಮೇಲೆ ಒತ್ತಿಕೊಂಡಿದ್ದರೆ ಅಲ್ಲಿ ತಗ್ಗು ಬೀಳುವುದೂ ಉಂಟು.

ಫೈಬರ್‌ಗೆ ಹೊರಗಿನ ನುಣುಪಾದ ಬಣ್ಣದ ಪದರವೇ ಕವಚ. ಅದಕ್ಕೆ ಜೆಲ್‌ಕೋಟ್ ಎನ್ನುತ್ತಾರೆ. ಅದು ಸವೆದು ಒಳಗಿನ ಗಾಜಿನ ಎಳೆ ಕಂಡರೆ ನೀರು ಒಳಗೆ ಇಳಿಯಲು ಶುರುವಾಯಿತೆಂದೇ ಅರ್ಥ. ಸವೆತಕ್ಕೆ ಮುಖ್ಯ ಕಾರಣ ದಡದ ಮರಳು. ಮರಳಿನ ಕಣ ಗಾಜಿಗಿಂತ ಗಡುಸು. ಹರಿಗೋಲನ್ನು ಮರಳು, ಗೊರಚಿನ ಮೇಲೆ ಎಳೆದಾಗಲೆಲ್ಲ ತಳಕ್ಕೆ ಉಪ್ಪುಕಾಗದ ಉಜ್ಜಿದಂತೆಯೇ. ಇಡೀ ದಿನ ನೀರಿನಲ್ಲಿ ತೇಲಿದಾಗ ಆಗದ ಹಾನಿ ದಡದ ಹತ್ತು ಹೆಜ್ಜೆಯಲ್ಲಿ ಆಗಬಹುದು.

ನಂಬಿಕೆ 5: ಯಾವ ತೂತಿಗಾದರೂ ಎಂ-ಸೀಲ್ ಸಾಕು

ವಸ್ತು ನೋಡಿ ಮದ್ದು ಮಾಡಬೇಕು. ಪಾಲಿಎಥಿಲೀನ್‌ಗೆ ಸಾಮಾನ್ಯ ಅಂಟು ಯಾವುದೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಒಣಗಿದ ಮೇಲೆ ಹಿಡಿದಂತೆ ಕಾಣುತ್ತದೆ, ನಾಲ್ಕು ಸಲ ತಳ ಬಾಗಿದರೆ ಕಿತ್ತು ಬರುತ್ತದೆ. ಅದಕ್ಕೆ ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನು ಕಾಯಿಸಿ ಬೆಸೆಯಬೇಕು. ನೀರಿನ ಟ್ಯಾಂಕ್ ರಿಪೇರಿ ಮಾಡುವವರಲ್ಲಿ ಕೆಲವರು ಈ ಕೆಲಸ ಬಲ್ಲರು.

ಫೈಬರ್ ಆದರೆ ತೂತಿನ ಸುತ್ತ ಉಜ್ಜಿ ಒರಟು ಮಾಡಿ, ಪೂರ್ತಿ ಒಣಗಿಸಿ, ಗಾಜಿನ ಮ್ಯಾಟ್ ಮತ್ತು ರಾಳದ ಪದರ ಹಾಕುತ್ತಾರೆ. ಉಜ್ಜುವಾಗ ಏಳುವ ಪುಡಿ ಚರ್ಮ, ಕಣ್ಣು, ಗಂಟಲಿಗೆ ಕೆಟ್ಟದ್ದು, ಆದ್ದರಿಂದ ಮಾಸ್ಕ್ ಮತ್ತು ಕನ್ನಡಕ ಹಾಕಿಕೊಳ್ಳಿ. ರಾಳದ ಜೊತೆ ಬರುವ ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕೂಡಲೇ ಸಾಕಷ್ಟು ನೀರಿನಿಂದ ತೊಳೆದು ಆಸ್ಪತ್ರೆಗೆ ಹೋಗಿ. ಹಾರ್ಡ್‌ನರನ್ನೂ ಕೋಬಾಲ್ಟ್ ಆಕ್ಸಿಲರೇಟರನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು, ಸ್ಫೋಟವಾಗಬಹುದು. ಅಭ್ಯಾಸವಿಲ್ಲದವರು ಬಲ್ಲವರ ಕೈಯಲ್ಲೇ ಮಾಡಿಸುವುದು ಒಳ್ಳೆಯದು.

ಹಾಗಾದರೆ ಏನು ಮಾಡಬೇಕು?

• ಎಳೆಯಬೇಡಿ, ಇಬ್ಬರು ಹಿಡಿದು ಎತ್ತಿ. ಒಬ್ಬರೇ ಇದ್ದರೆ ಕೆಳಗೆ ಹಳೆಯ ಟೈರೋ ಬಾಳೆದಿಂಡೋ ಹಾಕಿ ಜಾರಿಸಿ.
• ಕೆಲಸ ಮುಗಿದ ಮೇಲೆ ಮಗುಚಿ, ನೆರಳಿನಲ್ಲಿ, ನೆಲದಿಂದ ಸ್ವಲ್ಪ ಎತ್ತರದಲ್ಲಿಡಿ. ಮಗುಚಿಡದಿದ್ದರೆ ಮಳೆನೀರು ನಿಂತು ಬಿದಿರು ಕೊಳೆಯುತ್ತದೆ, ಡೆಂಗಿ ಸೊಳ್ಳೆಯೂ ಮೊಟ್ಟೆ ಇಡುತ್ತದೆ.
• ಕಲ್ಲು, ಕಬ್ಬಿಣದ ಲಂಗರನ್ನು ತಳದ ಮೇಲೆ ಎಸೆಯಬೇಡಿ. ಕೆಳಗೆ ಗೋಣಿಚೀಲ ಹಾಸಿ.
• ನೀರಿಗಿಳಿಸುವ ಮುನ್ನ ತಳವನ್ನು ಕೈಯಿಂದ ಸವರಿ. ಬಿರುಕು, ಉಬ್ಬು, ಹೊರಬಂದ ಎಳೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತವೆ. ಫೈಬರ್ ಎಳೆ ಬೆರಳಿಗೆ ಚುಚ್ಚುತ್ತದೆ, ಬಟ್ಟೆ ಸುತ್ತಿಕೊಳ್ಳಿ.
• ತಳ ಎಷ್ಟೇ ಗಟ್ಟಿಯಿದ್ದರೂ, ಈಜು ಎಷ್ಟೇ ಚೆನ್ನಾಗಿ ಬಂದರೂ ಲೈಫ್ ಜಾಕೆಟ್ ಮೈಮೇಲಿರಲಿ. ದೋಣಿಯಲ್ಲಿ ಬಿಸಾಡಿದ ಜಾಕೆಟ್ ಮಗುಚಿದಾಗ ಕೈಗೆ ಸಿಗುವುದಿಲ್ಲ.

ಕೊನೆಯ ಮಾತು

ಬಿದಿರು, ಫೈಬರ್, ಪ್ಲಾಸ್ಟಿಕ್ ಮೂರಕ್ಕೂ ಅದರದರ ದೌರ್ಬಲ್ಯ ಇದೆ. ಮೂರನ್ನೂ ಹೆಚ್ಚು ಸವೆಸುವುದು ದಡದ ಉಜ್ಜಾಟ ಮತ್ತು ಬಿಸಿಲು, ಮತ್ತು ಇವೆರಡೂ ನಮ್ಮ ಕೈಯಲ್ಲೇ ಇವೆ. ಎತ್ತಿ ಒಯ್ಯುವುದಕ್ಕೆ, ನೆರಳಲ್ಲಿಡುವುದಕ್ಕೆ ದುಡ್ಡು ಬೇಕಿಲ್ಲ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕೆರೆಗೆ ಇಳಿಯುವವರಿದ್ದರೆ ಅವರಿಗೆ ಇದನ್ನು ಕಳಿಸಿ. ಓದಲು ಬಾರದವರಿದ್ದರೆ ಓದಿ ಹೇಳಿ.