ಹಳೆಯ ಪಿಕಪ್‌ನ ಬ್ಯಾಟರಿ ಇಳಿಯುವುದೇಕೆ? ಚಾರ್ಜಿಂಗ್ ದೋಷ ಪತ್ತೆಯ ಕ್ರಮ

ತರಕಾರಿ, ಹಾಲು, ಮೇವು ಸಾಗಿಸುವ ಹಳೆಯ ಡೀಸೆಲ್ ಪಿಕಪ್ ಬೆಳಗಿನ ಜಾವ ಸೆಲ್ಫ್ ತೆಗೆದುಕೊಳ್ಳದಿದ್ದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಹೊಸ ಬ್ಯಾಟರಿ ಹಾಕಿಸಿ, ಕೆಲವೇ ದಿನಗಳಲ್ಲಿ ಅದೂ ಇಳಿದುಹೋದಾಗ ದೋಷ ಬೇರೆಡೆ ಇದೆಯೆಂಬುದು ಅರಿವಿಗೆ ಬರುತ್ತದೆ. ಸಾಧಾರಣ ಮಲ್ಟಿಮೀಟರ್ ಒಂದಿದ್ದರೆ ಈ ಅನಗತ್ಯ ವೆಚ್ಚವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ವ್ಯವಸ್ಥೆಯ ಸ್ವರೂಪ

ಎಂಜಿನ್ ಚಾಲೂ ಮಾಡುವುದಷ್ಟೇ ಬ್ಯಾಟರಿಯ ಮುಖ್ಯ ಕೆಲಸ. ನಂತರ ದೀಪ, ಹಾರ್ನ್, ವೈಪರ್‌ಗಳಿಗೆ ವಿದ್ಯುತ್ ಒದಗಿಸಿ ಬ್ಯಾಟರಿಯನ್ನು ಮತ್ತೆ ತುಂಬುವುದು ಆಲ್ಟರ್ನೇಟರ್. ಚಾಲಕರ ಮಾತಿನಲ್ಲಿ ಇಂದಿಗೂ ಅದು ‘ಡೈನಮೋ’. ಯಾಂತ್ರಿಕ ಇಂಧನ ಪಂಪ್ ಇರುವ ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಚಾಲೂ ಆದರೆ ಚಾರ್ಜಿಂಗ್ ಇಲ್ಲದೆಯೂ ಓಡುತ್ತಲೇ ಇರುತ್ತದೆ. ಆದ್ದರಿಂದ ರಾತ್ರಿ ಹೆಡ್‌ಲೈಟ್ ಮಂಕಾಗುವವರೆಗೆ ದೋಷ ಗಮನಕ್ಕೆ ಬಾರದೆ ಹೋಗಬಹುದು.

ಕಣ್ಣಿಗೆ ಕಾಣುವ ದೋಷಗಳು

ಎಂಜಿನ್ ನಿಲ್ಲಿಸಿ ಮೊದಲು ಫ್ಯಾನ್ ಬೆಲ್ಟ್ ನೋಡಬೇಕು. ಬೆಲ್ಟ್‌ನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಸಾಮಾನ್ಯವಾಗಿ 10 ಮಿ.ಮೀ. ಆಸುಪಾಸು ತಗ್ಗಬೇಕು. ಹೆಚ್ಚು ತಗ್ಗಿದರೆ, ಬಿರುಕು ಬಿಟ್ಟಿದ್ದರೆ ಅಥವಾ ಒಳಮೈ ಹೊಳಪಾಗಿದ್ದರೆ ಬೆಲ್ಟ್ ಜಾರುತ್ತಿದೆ ಎಂದರ್ಥ. ಬ್ಯಾಟರಿ ಟರ್ಮಿನಲ್‌ಗಳ ಮೇಲಿನ ಬಿಳಿ ಅಥವಾ ಹಸಿರು ಪುಡಿಯನ್ನು ತೆಗೆದು, ಸಡಿಲ ಹಿಡಿಗಳನ್ನು ಬಿಗಿ ಮಾಡಬೇಕು.

ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ದೀಪ ಹೊತ್ತಿ, ಎಂಜಿನ್ ಚಾಲೂ ಆದೊಡನೆ ಆರಬೇಕು. ಅದು ಹೊತ್ತಿಕೊಳ್ಳದಿದ್ದರೂ ದೋಷವೇ. ಅನೇಕ ಹಳೆಯ ವಾಹನಗಳಲ್ಲಿ ಆಲ್ಟರ್ನೇಟರಿಗೆ ಆರಂಭಿಕ ವಿದ್ಯುತ್ ತಲುಪುವುದು ಈ ಬಲ್ಬಿನ ಮೂಲಕವೇ.

ಮೀಟರ್ ಹೇಳುವುದೇನು?

ಕೆಲವು ಗಂಟೆ ನಿಂತಿರುವ 12 ವೋಲ್ಟ್ ಬ್ಯಾಟರಿ ಪೂರ್ಣ ತುಂಬಿದ್ದರೆ 12.6 ವೋಲ್ಟ್ ತೋರಿಸುತ್ತದೆ, 12.0ಕ್ಕೆ ಇಳಿದಿದ್ದರೆ ಬಹುಪಾಲು ಖಾಲಿ. ಎಂಜಿನ್ ಓಡುವಾಗ 13.8ರಿಂದ 14.4 ವೋಲ್ಟ್ ಇರಬೇಕು. 13ಕ್ಕಿಂತ ಕಡಿಮೆ ಇದ್ದು, ಎಂಜಿನ್ ವೇಗ ಹೆಚ್ಚಿಸಿದರೂ ಏರದಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯ ನೀರು ಬೇಗ ಇಂಗುವುದು, ಬಲ್ಬುಗಳು ಸುಡುವುದು ಇದರ ಲಕ್ಷಣ.

ಮುಂದೆ ಹೆಡ್‌ಲೈಟ್ ಹಾಕಿ, ಓಡುತ್ತಿರುವ ಆಲ್ಟರ್ನೇಟರಿನ ದಪ್ಪ ತಂತಿಯ ಬೋಲ್ಟ್ ಮತ್ತು ಬ್ಯಾಟರಿಯ ಧನ ಟರ್ಮಿನಲ್ ನಡುವೆ ಅಳೆಯಬೇಕು. ವ್ಯತ್ಯಾಸ 0.3 ವೋಲ್ಟ್ ಮೀರಿದರೆ ದೋಷ ತಂತಿ ಅಥವಾ ಜೋಡಣೆಯಲ್ಲಿದೆ. ಆಲ್ಟರ್ನೇಟರಿನ ಮೈ ಮತ್ತು ಋಣ ಟರ್ಮಿನಲ್ ನಡುವೆ 0.2 ಮೀರಿದರೆ ಅರ್ತ್ ಸರಿಯಿಲ್ಲ. ಇವೆರಡೂ ಸರಿಯಿದ್ದು ವೋಲ್ಟೇಜ್ ಕಡಿಮೆಯಿದ್ದರೆ ಮಾತ್ರ ಆಲ್ಟರ್ನೇಟರ್ ಬಿಚ್ಚಬೇಕು. ಸವೆದ ಕಾರ್ಬನ್ ಬ್ರಷ್, ರೆಗ್ಯುಲೇಟರ್ ಅಥವಾ ಡಯೋಡ್ ಕಾರಣವಾಗಿರಬಹುದು. ಬ್ರಷ್ ಮಾತ್ರ ಸವೆದಿದ್ದರೆ ಇಡೀ ಆಲ್ಟರ್ನೇಟರ್ ಬದಲಿಸುವ ಅಗತ್ಯವಿಲ್ಲ.

ಚಾರ್ಜಿಂಗ್ ಸರಿಯಿದ್ದೂ ರಾತ್ರಿ ನಿಂತಲ್ಲೇ ಬ್ಯಾಟರಿ ಇಳಿದರೆ ಸೋರಿಕೆ ಹುಡುಕಬೇಕು. ಕೀಲಿ ತೆಗೆದು, ಋಣ ತಂತಿ ಬಿಚ್ಚಿ, ನಡುವೆ ಆಂಪಿಯರ್ ಮೀಟರ್ ಜೋಡಿಸಿದಾಗ 50 ಮಿಲಿಆಂಪಿಯರ್‌ಗಿಂತ ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಬೇಕು. ಮೀಟರ್ ಜೋಡಿಸಿರುವಾಗ ಸೆಲ್ಫ್ ಹೊಡೆಯಬಾರದು.

ಎಚ್ಚರಿಕೆ

ಎಂಜಿನ್ ಓಡುವಾಗ ಬ್ಯಾಟರಿ ತಂತಿ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವ ರೂಢಿ ಕೆಲವೆಡೆ ಇದೆ. ಹಾಗೆ ಮಾಡಿದಾಗ ವೋಲ್ಟೇಜ್ ಒಮ್ಮೆಲೇ ಏರಿ, ಸರಿಯಿದ್ದ ಡಯೋಡುಗಳೂ ಸುಡಬಹುದು. ಓಡುವ ಬೆಲ್ಟಿನ ಬಳಿ ಬಾಗುವಾಗ ಹೆಗಲ ಮೇಲೆ ಟವೆಲ್ ಇರಬಾರದು.

ಎಲ್ಲಕ್ಕಿಂತ ಗಂಭೀರವಾದ ಸಂಗತಿ ಬ್ರೇಕಿನದು. ಅನೇಕ ಹಳೆಯ ಡೀಸೆಲ್ ಪಿಕಪ್‌ಗಳಲ್ಲಿ ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಹಿಂಬದಿಗೇ ಜೋಡಣೆಯಾಗಿರುತ್ತದೆ. ಬೆಲ್ಟ್ ತುಂಡಾದರೆ ಚಾರ್ಜಿಂಗ್ ಮಾತ್ರವಲ್ಲ, ಸ್ವಲ್ಪ ಹೊತ್ತಿನಲ್ಲೇ ಬ್ರೇಕಿನ ನೆರವೂ ನಿಂತು ಪೆಡಲ್ ಗಟ್ಟಿಯಾಗುತ್ತದೆ. ಅದೇ ಬೆಲ್ಟ್ ನೀರಿನ ಪಂಪನ್ನೂ ತಿರುಗಿಸುತ್ತಿದ್ದರೆ ಎಂಜಿನ್ ಕಾಯುತ್ತದೆ. ಹೇರು ತುಂಬಿದ ವಾಹನ ಘಾಟಿ ಇಳಿಯುವಾಗ ಕೆಂಪು ದೀಪ ಹೊತ್ತಿಕೊಂಡರೆ ಊರು ತಲುಪಿ ನೋಡೋಣವೆಂದು ಮುಂದುವರಿಯದೆ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಬೆಲ್ಟ್ ಪರಿಶೀಲಿಸುವುದು ಅತ್ಯಗತ್ಯ.