ಬೋಧನಾನುಮತಿ: ಕಥೋಲಿಕ ದೈವಶಾಸ್ತ್ರದ ಉನ್ನತ ಪದವಿಗಳ ಚರಿತ್ರೆಯಲ್ಲಿ ಒಂದು ಪ್ರಶ್ನೆ

ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಬಿ.ಎ., ಎಂ.ಎ., ಪಿಎಚ್.ಡಿ. ಎಂಬ ಮೂರು ಮೆಟ್ಟಿಲುಗಳಿರುವಂತೆ ಕಥೋಲಿಕ ಧರ್ಮಸಭೆಯ ದೈವಶಾಸ್ತ್ರ ವಿದ್ಯಾಪೀಠಗಳಲ್ಲಿಯೂ ಮೂರು ಮೆಟ್ಟಿಲುಗಳುಂಟು. ಮೊದಲನೆಯದು ಬ್ಯಾಕಲೋರಿಯೇಟ್, ಕೊನೆಯದು ಡಾಕ್ಟರೇಟ್. ನಡುವಣ ಸ್ನಾತಕೋತ್ತರ ಪದವಿಯನ್ನು ಲೈಸೆನ್ಷಿಯೇಟ್ ಎಂದು ಕರೆಯುತ್ತಾರೆ. ಈ ಹೆಸರಿನ ಮೂಲವಾದ ಲ್ಯಾಟಿನ್ ಪದಕ್ಕೆ ಅನುಮತಿ ಎಂದು ಅರ್ಥ. ಎಂದರೆ ಈ ಪದವಿಯು ಹುಟ್ಟಿನಿಂದ ಕಲಿತದ್ದಕ್ಕೆ ಸಾಕ್ಷಿ ಮಾತ್ರವಲ್ಲ, ಕಲಿಸುವುದಕ್ಕೆ ಅಪ್ಪಣೆ. ಅಪ್ಪಣೆ ಎಂದಮೇಲೆ ಕೇಳುವವರೂ ಕೊಡುವವರೂ ಇರಬೇಕು. ಕೊಡುವವರಿಗೆ ಕೊಡದಿರುವ ಅಧಿಕಾರವೂ ಇರುತ್ತದೆ. ಆ ಅಧಿಕಾರವನ್ನು ಯಾರು, ಯಾರ ವಿಷಯದಲ್ಲಿ, ಹೇಗೆ ಚಲಾಯಿಸಿದರೆಂಬುದನ್ನು ಕೆಲವು ಪ್ರಸಂಗಗಳ ಮೂಲಕ ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೧

ಹನ್ನೆರಡನೆಯ ಶತಮಾನದ ಪ್ಯಾರಿಸ್ ನಗರದಲ್ಲಿ ಬೋಧಿಸಬೇಕೆನ್ನುವವರು ನೋಟ್ರ್‌ ದಾಮ್ ಪ್ರಧಾನ ದೇವಾಲಯದ ಚಾನ್ಸಲರನಿಂದ ಅನುಮತಿ ಪಡೆಯಬೇಕಾಗಿತ್ತು. ಇಂತಹ ಅನುಮತಿಯನ್ನು ಹಣಕ್ಕೆ ಮಾರುವ ರೂಢಿ ಹಲವೆಡೆ ಬೆಳೆದಿತ್ತು. ಕ್ರಿ.ಶ. ೧೧೭೯ರಲ್ಲಿ ಸೇರಿದ ಮೂರನೆಯ ಲ್ಯಾಟರನ್ ಮಹಾಸಭೆಯು ಅನುಮತಿಗಾಗಿ ಯಾರೂ ಶುಲ್ಕ ಕೇಳಕೂಡದೆಂದೂ, ಅರ್ಹನಾದವನಿಗೆ ಅದನ್ನು ನಿರಾಕರಿಸಕೂಡದೆಂದೂ ವಿಧಿಸಿತು. ಅಂದಿನಿಂದ ಪ್ರಶ್ನೆಯ ಸ್ವರೂಪವೇ ಬದಲಾಯಿತು: ಅರ್ಹನೆಂದರೆ ಯಾರು?

ಈ ಪ್ರಶ್ನೆಗೆ ಉತ್ತರವನ್ನು ೧೨೧೫ರಲ್ಲಿ ಪೋಪರ ಪ್ರತಿನಿಧಿಯಾದ ರಾಬರ್ಟ್ ದ ಕೂರ್ಸೋನ್ ವಿಧಿಸಿದ ನಿಯಮಾವಳಿಯಲ್ಲಿ ಕಾಣಬಹುದು. ದೈವಶಾಸ್ತ್ರವನ್ನು ಬೋಧಿಸುವವನಿಗೆ ಮೂವತ್ತೈದು ವರ್ಷ ತುಂಬಿರಬೇಕು; ಅವನು ಕನಿಷ್ಠ ಎಂಟು ವರ್ಷ ವ್ಯಾಸಂಗ ಮಾಡಿರಬೇಕು; ಅದರಲ್ಲಿ ಐದು ವರ್ಷ ದೈವಶಾಸ್ತ್ರದ ಪಾಠಗಳನ್ನೇ ಕೇಳಿರಬೇಕು. ವ್ಯಾಸಂಗಕ್ಕೆ ಆಧಾರಗಳು ಎರಡು: ಬೈಬಲ್ ಮತ್ತು ಪೀಟರ್ ಲೊಂಬಾರ್ಡನ 'ಸೆಂಟೆನ್ಸಸ್' ಎಂಬ ಸಂಗ್ರಹ. ಬ್ಯಾಚಲರ್ ಎನಿಸಿಕೊಂಡ ವಿದ್ಯಾರ್ಥಿಯು ಈ ಗ್ರಂಥಗಳ ಮೇಲೆ ಸ್ವತಃ ಪಾಠ ಹೇಳಿ, ಬಹಿರಂಗ ವಾದಗಳಲ್ಲಿ ಆಕ್ಷೇಪಗಳಿಗೆ ಉತ್ತರ ಕೊಡಬೇಕಾಗಿತ್ತು. ನಮ್ಮ ಶಾಸ್ತ್ರಗ್ರಂಥಗಳಲ್ಲಿನ ಪೂರ್ವಪಕ್ಷ, ಸಿದ್ಧಾಂತಗಳ ಕ್ರಮವನ್ನು ಬಲ್ಲವರಿಗೆ ಈ ಪದ್ಧತಿ ಅಪರಿಚಿತವೆನಿಸದು. ಎದುರಾಳಿಯ ವಾದವನ್ನು ಅದರ ಪೂರ್ಣ ಬಲದೊಡನೆ ಮಂಡಿಸದೆ ಖಂಡಿಸುವುದು ಅಲ್ಲಿಯೂ ವಿದ್ವತ್ತಿನ ಲಕ್ಷಣವಾಗಿರಲಿಲ್ಲ.

೧೨೨೯ರಲ್ಲಿ ನಗರದ ಗಲಭೆಯೊಂದರಲ್ಲಿ ವಿದ್ಯಾರ್ಥಿಗಳು ಹತರಾದಾಗ ಅಧ್ಯಾಪಕರು ಪಾಠಗಳನ್ನು ನಿಲ್ಲಿಸಿ ಪ್ಯಾರಿಸನ್ನು ತೊರೆದರು. ಈ ವಿವಾದವನ್ನು ಕೊನೆಗಾಣಿಸಲು ಪೋಪ್ ಒಂಬತ್ತನೆಯ ಗ್ರೆಗರಿ ೧೨೩೧ರಲ್ಲಿ ಹೊರಡಿಸಿದ ಶಾಸನವು, ಚಾನ್ಸಲರನು ಅಧ್ಯಾಪಕರನ್ನು ವಿಚಾರಿಸಿಯೇ ಅನುಮತಿ ಕೊಡಬೇಕೆಂದು ಕಟ್ಟುಮಾಡಿತು. ಹೀಗೆ ಅಧಿಕಾರವು ಇಬ್ಭಾಗವಾಯಿತು: ಅನುಮತಿ ಕೊಡುವವನು ಧರ್ಮಸಭೆಯ ಅಧಿಕಾರಿ, ಅರ್ಹತೆಯನ್ನು ತೂಗುವವರು ವಿದ್ವಾಂಸರು.

ಅಧಿಕಾರಿಯು ಸಂಕುಚಿತನಾಗಿಯೂ ವಿದ್ವಾಂಸರು ಉದಾರಿಗಳಾಗಿಯೂ ಇರುತ್ತಾರೆಂದು ಇಲ್ಲಿ ಊಹಿಸುವುದು ಸುಲಭ. ಆದರೆ ಥಾಮಸ್ ಅಕ್ವಿನಾಸನ ಪ್ರಸಂಗವು ಇದಕ್ಕೆ ತದ್ವಿರುದ್ಧವಾಗಿದೆ. ಡೊಮಿನಿಕನ್ ಸನ್ಯಾಸಿಯಾದ ಆತನು ೧೨೫೨ರಲ್ಲಿ ಪ್ಯಾರಿಸ್ಸಿಗೆ ಬಂದು ಲೊಂಬಾರ್ಡನ ಗ್ರಂಥದ ಮೇಲೆ ಪಾಠ ಹೇಳತೊಡಗಿದನು. ಅದೇ ಕಾಲದಲ್ಲಿ ಭಿಕ್ಷುಸನ್ಯಾಸಿಗಳ ಮೇಲೆ ಇತರ ಅಧ್ಯಾಪಕರ ಅಸಮಾಧಾನ ತೀವ್ರವಾಗಿತ್ತು. ಹಿಂದಿನ ಮುಷ್ಕರದ ಕಾಲದಲ್ಲಿ ಇವರು ಪಾಠ ನಿಲ್ಲಿಸದೆ ಪೀಠಗಳನ್ನು ಸಂಪಾದಿಸಿಕೊಂಡರೆಂಬುದು ಆ ಅಸಮಾಧಾನದ ಒಂದು ಕಾರಣ. ೧೨೫೬ರಲ್ಲಿ, ನಿಯಮದ ವಯಸ್ಸು ತುಂಬುವ ಮೊದಲೇ, ಚಾನ್ಸಲರನು ಥಾಮಸನಿಗೆ ಅನುಮತಿಯನ್ನಿತ್ತನು. ಪೋಪ್ ನಾಲ್ಕನೆಯ ಅಲೆಕ್ಸಾಂಡರ್ ಅದನ್ನು ಪ್ರಶಂಸಿಸಿದನು. ಆದರೂ ಸಹೋದ್ಯೋಗಿಗಳು ಆತನನ್ನು ತಮ್ಮ ಸಂಘಕ್ಕೆ ಸೇರಿಸಿಕೊಂಡದ್ದು ೧೨೫೭ರಲ್ಲಿ, ಅದೂ ಪೋಪನ ಒತ್ತಾಯದ ಮೇಲೆ. ಮುಂದೆ ಕಥೋಲಿಕ ದೈವಶಾಸ್ತ್ರಕ್ಕೇ ಆಧಾರಪುರುಷನಾದ ವ್ಯಕ್ತಿಯನ್ನು ಬಾಗಿಲಲ್ಲಿ ತಡೆದವರು ವಿದ್ವಾಂಸರೇ. ಒಳಗೆ ಬಿಡಿಸಿದವರು ಅಧಿಕಾರಿಗಳು.

೨

ನಾಲ್ಕು ಶತಮಾನಗಳ ಅನಂತರ ಇಟಲಿಯ ಪಾದುವಾ ವಿಶ್ವವಿದ್ಯಾನಿಲಯದಲ್ಲಿ ನಡೆದ ಪ್ರಸಂಗವು ಮೇಲಿನದಕ್ಕೆ ಪ್ರತಿಯಾಗಿ ನಿಲ್ಲುತ್ತದೆ. ೧೬೪೬ರಲ್ಲಿ ವೆನಿಸ್ ನಗರದ ಕುಲೀನ ಮನೆತನದಲ್ಲಿ ಜನಿಸಿದ ಎಲೆನಾ ಕೊರ್ನಾರೊ ಪಿಸ್ಕೋಪಿಯಾ ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಭಾಷೆಗಳಲ್ಲಿ ಪಾಂಡಿತ್ಯವನ್ನು ಗಳಿಸಿದ್ದಳು. ಆಕೆಗೆ ದೈವಶಾಸ್ತ್ರದ ಡಾಕ್ಟರ್ ಪದವಿ ದೊರೆಯಬೇಕೆಂದು ವಿಶ್ವವಿದ್ಯಾನಿಲಯದಲ್ಲಿ ಪ್ರಯತ್ನ ನಡೆಯಿತು. ಪದವಿಯನ್ನು ಅನುಮತಿಸಬೇಕಾಗಿದ್ದ ಪಾದುವಾದ ಬಿಷಪ್, ಕಾರ್ಡಿನಲ್ ಗ್ರೆಗೋರಿಯೊ ಬಾರ್ಬರಿಗೊ, ಆಕೆ ಸ್ತ್ರೀಯೆಂಬ ಕಾರಣದಿಂದ ಒಪ್ಪಲಿಲ್ಲ. ಡಾಕ್ಟರ್ ಎಂದರೆ ಮೂಲಾರ್ಥದಲ್ಲಿ ಬೋಧಕ. ಧರ್ಮವಿಷಯದಲ್ಲಿ ಸ್ತ್ರೀಯು ಬೋಧಕಳಾಗುವುದು ಅಂದಿನ ದೃಷ್ಟಿಗೆ ಅಸಂಗತವಾಗಿ ಕಂಡಿತು. ಕೊನೆಗೆ ತತ್ತ್ವಶಾಸ್ತ್ರದ ಪದವಿಗೆ ಒಪ್ಪಿಗೆಯಾಯಿತು. ೧೬೭೮ನೆಯ ಜೂನ್ ೨೫ರಂದು, ನೆರೆದ ಜನಸಂದಣಿಯ ಕಾರಣ ಪ್ರಧಾನ ದೇವಾಲಯದಲ್ಲಿಯೇ ಪರೀಕ್ಷೆ ನಡೆದು, ಅರಿಸ್ಟಾಟಲನ ಗ್ರಂಥಭಾಗಗಳನ್ನು ವ್ಯಾಖ್ಯಾನಿಸಿದ ಆಕೆ ಡಾಕ್ಟರ್ ಎನಿಸಿಕೊಂಡಳು.

ಆಕೆಗೆ ಕೊರತೆಯಾದದ್ದು ವಿದ್ಯೆಯಲ್ಲ, ಅನುಮತಿ. ಈ ಭೇದವು ನಿವಾರಣೆಯಾಗಲು ಬಹುಕಾಲ ಹಿಡಿಯಿತು. ಅಮೆರಿಕದ ಇಂಡಿಯಾನ ಸಂಸ್ಥಾನದ ಸೇಂಟ್ ಮೇರಿಸ್ ಕಾಲೇಜಿನಲ್ಲಿ ಸಿಸ್ಟರ್ ಮಡಲೇವಾ ವುಲ್ಫ್ ೧೯೪೩ರಲ್ಲಿ ಸ್ತ್ರೀಯರಿಗಾಗಿ ಸ್ನಾತಕೋತ್ತರ ದೈವಶಾಸ್ತ್ರ ಶಾಲೆಯನ್ನು ತೆರೆದರು. ೧೯೭೦ರಲ್ಲಿ ಪೋಪ್ ಆರನೆಯ ಪೌಲರು ಆವಿಲದ ತೆರೇಸಾ, ಸಿಯೆನಾದ ಕ್ಯಾಥರೀನ್ ಇವರನ್ನು ಧರ್ಮಸಭೆಯ ಡಾಕ್ಟರುಗಳೆಂದು ಸಾರಿದರು. ಸ್ತ್ರೀಯರಲ್ಲಿ ಈ ಗೌರವ ಮೊದಲು ಸಂದದ್ದು ಇವರಿಬ್ಬರಿಗೆ. ೧೯೭೯ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಹೊರಡಿಸಿದ ಶಾಸನವು ದೈವಶಾಸ್ತ್ರ ಪೀಠಗಳು ಗುರುಗಳಿಗೂ ಗೃಹಸ್ಥರಿಗೂ ಸಮಾನವಾಗಿ ತೆರೆದಿವೆಯೆಂದು ವಿಧಿಸಿತು.

೩

ಭಾರತದಲ್ಲಿ ಪ್ರಶ್ನೆಯು ಬೇರೊಂದು ರೂಪವನ್ನು ತಾಳಿತು. ಇಲ್ಲಿ ಅನುಮತಿಗಾಗಿ ಕಾದದ್ದು ವ್ಯಕ್ತಿಗಳಷ್ಟೇ ಅಲ್ಲ, ಸಂಸ್ಥೆಗಳೂ ಹೌದು. ಮಂಗಳೂರಿನಲ್ಲಿ ೧೮೭೯ರಲ್ಲಿ ಯೇಸುಸಭೆಯವರು ಸಂತ ಜೋಸೆಫರ ಸೆಮಿನರಿಯನ್ನು ಸ್ಥಾಪಿಸಿದರು. ಪೋಪ್ ಹದಿಮೂರನೆಯ ಲಿಯೋ ಅವರ ಸಂಕಲ್ಪದಂತೆ ೧೮೯೩ರಲ್ಲಿ ಸಿಂಹಳದ ಕ್ಯಾಂಡಿಯಲ್ಲಿ ಭಾರತೀಯ ಗುರುಗಳ ಶಿಕ್ಷಣಕ್ಕೆಂದೇ ಪೇಪಲ್ ಸೆಮಿನರಿ ಆರಂಭವಾಯಿತು. ಭಾರತದ ಮಕ್ಕಳೇ ಭಾರತಕ್ಕೆ ಧರ್ಮೋಪದೇಶಕರಾಗಬೇಕೆಂಬುದು ಆ ಸಂಕಲ್ಪದ ಸಾರ. ಆದರೆ ತತ್ತ್ವಶಾಸ್ತ್ರ, ದೈವಶಾಸ್ತ್ರಗಳಲ್ಲಿ ಪದವಿ ನೀಡುವ ಅಧಿಕಾರವು ಕ್ಯಾಂಡಿಗೆ ದೊರೆತದ್ದು ೧೯೨೬ರಲ್ಲಿ. ಬೋಧನೆ ಮೊದಲಾದ ಮೇಲೆ ಪದವಿಯ ಅಧಿಕಾರ ಬರಲು ಮೂವತ್ತಮೂರು ವರ್ಷಗಳು ಬೇಕಾದುವು. ೧೯೫೫ರಲ್ಲಿ ಸೆಮಿನರಿಯು ಪುಣೆಗೆ ಸ್ಥಳಾಂತರಗೊಂಡಿತು. ಅಲ್ಲಿನ ವಿದ್ಯಾಪೀಠವು ಇಂದು ಜ್ಞಾನದೀಪವೆಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಬೆಂಗಳೂರಿನ ಧರ್ಮಾರಾಮ ವಿದ್ಯಾಕ್ಷೇತ್ರವು ೧೯೭೬ರಲ್ಲಿ ಇಂತಹ ಮಾನ್ಯತೆಯನ್ನು ಪಡೆಯಿತು. ರೋಮಿನ ಹೆಸರಿನಲ್ಲಿ ನೀಡಲಾಗುವ ಪದವಿಗಾಗಿ ಕನ್ನಡ ನಾಡಿನ ವಿದ್ಯಾರ್ಥಿಯು ಸಮುದ್ರವನ್ನು ದಾಟಬೇಕಾದ ಅಗತ್ಯ ಹೀಗೆ ತಪ್ಪಿತು.

೪

ಇಂದಿನ ವ್ಯವಸ್ಥೆಯು ಪೋಪ್ ಫ್ರಾನ್ಸಿಸ್ ೨೦೧೭ರ ಡಿಸೆಂಬರಿನಲ್ಲಿ ಅಂಕಿತ ಹಾಕಿದ ಶಾಸನವನ್ನು ಅನುಸರಿಸುತ್ತದೆ. ಬ್ಯಾಕಲೋರಿಯೇಟಿನ ಅನಂತರ ಎರಡು ವರ್ಷಗಳ ವಿಶೇಷ ವ್ಯಾಸಂಗದಿಂದ ಲೈಸೆನ್ಷಿಯೇಟ್ ಲಭಿಸುತ್ತದೆ; ಅದು ಸೆಮಿನರಿಯಲ್ಲಿ ಬೋಧಿಸಲು ಅರ್ಹತೆ. ವಿದ್ಯಾಪೀಠದಲ್ಲಿ ಬೋಧಿಸಲು ಡಾಕ್ಟರೇಟ್ ಬೇಕು. ಡಾಕ್ಟರೇಟಿನ ಪ್ರಬಂಧವು ಶಾಸ್ತ್ರದ ಮುನ್ನಡೆಗೆ ನೈಜವಾದ ಕೊಡುಗೆಯಾಗಿರಬೇಕೆಂದೂ ನಿಯಮವುಂಟು. ಆದರೆ ಪದವಿಯೊಂದೇ ಸಾಲದು; ವಿಶ್ವಾಸ ಹಾಗೂ ನೀತಿಗಳನ್ನು ಕುರಿತು ಬೋಧಿಸುವ ಕಥೋಲಿಕ ಅಧ್ಯಾಪಕನು ಧರ್ಮಸಭೆಯ ಅಧಿಕಾರಪತ್ರವನ್ನೂ ಪಡೆದಿರಬೇಕು. ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಲೂಬಹುದು. ಜರ್ಮನಿಯ ಟ್ಯೂಬಿಂಗನ್ನಿನ ಹಾನ್ಸ್ ಕ್ಯುಂಗ್ ಅವರನ್ನು ಕಥೋಲಿಕ ದೈವಶಾಸ್ತ್ರಜ್ಞರೆಂದು ಪರಿಗಣಿಸಲಾಗದೆಂದು ೧೯೭೯ರ ಡಿಸೆಂಬರಿನಲ್ಲಿ ರೋಮ್ ಘೋಷಿಸಿತು. ಅವರು ಅದೇ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿ ಉಳಿದರಾದರೂ ಕಥೋಲಿಕ ವಿಭಾಗದಲ್ಲಿ ಉಳಿಯಲಾಗಲಿಲ್ಲ.

ಒಂದೇ ಗ್ರಂಥವನ್ನು ಒಂದೇ ಶ್ರದ್ಧೆಯಿಂದ ಓದಿದ ಇಬ್ಬರಲ್ಲಿ ಒಬ್ಬನು ಧರ್ಮಸಭೆಯ ಹೆಸರಿನಲ್ಲಿ ಮಾತನಾಡುತ್ತಾನೆ, ಇನ್ನೊಬ್ಬನು ತನ್ನ ಹೆಸರಿನಲ್ಲಿ. ಕ್ರೈಸ್ತಧರ್ಮವನ್ನು ಚರಿತ್ರೆಯ ವಿಷಯವಾಗಿ ಅಧ್ಯಯನ ಮಾಡುವ ನಮ್ಮಂಥವರಿಗೆ ಅಧಿಕಾರಪತ್ರ ಬೇಕಿಲ್ಲ. ಆದರೆ ಒಂದು ಸಮುದಾಯವು ತನ್ನ ವಿಶ್ವಾಸವನ್ನು ಕುರಿತು ಯಾರ ಮಾತಿಗೆ ಹೊಣೆಯಾಗುತ್ತದೆಂಬ ಪ್ರಶ್ನೆಯೂ ನಮ್ಮ ಮುಂದಿರುವುದಿಲ್ಲ. ಆ ಹೊಣೆಯ ಭಾರವನ್ನು ಮರೆತು ಅನುಮತಿಯ ಪದ್ಧತಿಯನ್ನು ಕೇವಲ ನಿರ್ಬಂಧವೆನ್ನುವುದು ಅರ್ಧಸತ್ಯ. ಪಾದುವಾದ ಪ್ರಸಂಗವನ್ನು ಮರೆತು ಅದನ್ನು ಕೇವಲ ರಕ್ಷಣೆಯೆನ್ನುವುದು ಇನ್ನೊಂದು ಅರ್ಧಸತ್ಯ. ೧೨೫೬ರಲ್ಲಿ ವಿದ್ವಾಂಸರು ತಪ್ಪಿದರು. ೧೬೭೮ರಲ್ಲಿ ಅಧಿಕಾರಿಯು ತಪ್ಪಿದನು. ಅರ್ಹತೆಯನ್ನು ತೂಗುವ ಕೈ ಯಾರದೇ ಆಗಿರಲಿ, ಯಾರನ್ನು ತಕ್ಕಡಿಯ ಬಳಿಗೇ ಬರಗೊಡಲಿಲ್ಲವೆಂಬುದನ್ನು ವಿಚಾರಿಸುವುದು ಚರಿತ್ರಕಾರನ ಕರ್ತವ್ಯ. ನಮ್ಮ ನಾಡಿನ ಸೆಮಿನರಿ, ವಿದ್ಯಾಪೀಠಗಳ ಪ್ರವೇಶ ದಾಖಲೆಗಳನ್ನೂ ಪ್ರಬಂಧಗಳನ್ನೂ ಈ ದೃಷ್ಟಿಯಿಂದ ಪರಿಶೀಲಿಸಲು ನಮ್ಮ ಸಂಶೋಧನ ವಿದ್ಯಾರ್ಥಿಗಳು ಮುಂದಾಗುವರೆಂದು ಆಶಿಸಬಹುದಾಗಿದೆ.